ಮುಚ್ಚಳ ಕಾಯಲಿ, ಕ್ಲಿಪ್ ಹೊರಲಿ: ಡಿಜಿಟಲ್ ಪೆನ್ನಿನ ಎರಡು ಸಣ್ಣ ಭಾಗಗಳ ಮರುವಿನ್ಯಾಸ

ಪ್ರಶ್ನೆ: ಚುಕ್ಕಿ ಮುದ್ರಿಸಿದ ಕಾಗದದ ಮೇಲೆ ಬರೆಯುವ, ತುದಿಯಲ್ಲಿ ಕ್ಯಾಮೆರಾ ಇರುವ ಡಿಜಿಟಲ್ ಪೆನ್ನನ್ನು ತರಗತಿಯ ಟಿಪ್ಪಣಿಗೆ ಬಳಸುತ್ತಿದ್ದೇನೆ. ಕೆಲವೇ ತಿಂಗಳಲ್ಲಿ ಅದರ ಮುಚ್ಚಳ ಸಡಿಲವಾಗಿ ಚೀಲದೊಳಗೆ ತಾನಾಗಿಯೇ ಕಳಚಿಕೊಳ್ಳುತ್ತಿದೆ. ಪ್ಲಾಸ್ಟಿಕ್ ಕ್ಲಿಪ್ ಬಾಯಿ ಬಿಟ್ಟಿದೆ. ತೆಳು ಅಂಗಿಯ ಜೇಬಿನಲ್ಲಿ ನಿಲ್ಲುವುದಿಲ್ಲ, ದಪ್ಪ ಬಟ್ಟೆಗೆ ಏರುವುದೇ ಇಲ್ಲ. ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್‌ಗಾಗಿ ಇವೆರಡನ್ನೂ ಹೊಸದಾಗಿ ವಿನ್ಯಾಸ ಮಾಡಿ ತ್ರೀಡಿ ಪ್ರಿಂಟರ್‌ನಲ್ಲಿ ತಯಾರಿಸಬೇಕೆಂದಿದ್ದೇನೆ. ಮುಚ್ಚಳಕ್ಕೇ ಲೋಹದ ಕ್ಲಿಪ್ ಕೂಡಿಸಿ, ಒಳಗೊಂದು ಆಯಸ್ಕಾಂತ ಇಟ್ಟರೆ ಎರಡೂ ಸಮಸ್ಯೆಗಳು ಒಟ್ಟಿಗೆ ಬಗೆಹರಿಯುವುದಿಲ್ಲವೇ?

ಉತ್ತರ: ನಿಮ್ಮ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ. ಕ್ಲಿಪ್ಪನ್ನು ದಯವಿಟ್ಟು ಮುಚ್ಚಳಕ್ಕೆ ಕೂಡಿಸಬೇಡಿ. ಮಸಿಪೆನ್ನುಗಳಲ್ಲಿ ಆ ಪದ್ಧತಿ ದೀರ್ಘಕಾಲ ನಡೆದುಬಂದಿದೆ, ನಿಜ. ಆದರೆ ಆ ಪೆನ್ನುಗಳು ಹಗುರ, ಮುಚ್ಚಳ ಉದ್ದ, ಹಿಡಿತ ಗಟ್ಟಿ. ಹಲವು ಡಿಜಿಟಲ್ ಪೆನ್ನುಗಳು ಸುಮಾರು 30ರಿಂದ 40 ಗ್ರಾಂ ತೂಗುತ್ತವೆ. ಬ್ಯಾಟರಿ, ಸರ್ಕ್ಯೂಟ್, ಕೆಲವದರಲ್ಲಿ ಸ್ಪೀಕರ್ ಕೂಡ ಒಡಲಿನಲ್ಲಿರುತ್ತವೆ. ಕ್ಲಿಪ್ ಮುಚ್ಚಳದ ಮೇಲಿದ್ದರೆ ಜೇಬಿನಲ್ಲಿ ನೇತಾಡುವ ಇಡೀ ಪೆನ್ನಿನ ಭಾರವನ್ನು ಮುಚ್ಚಳದ ಹಿಡಿತವೇ ತಡೆದುಕೊಳ್ಳಬೇಕು. ಆ ಹಿಡಿತ ಸವೆದ ದಿನ ಮುಚ್ಚಳ ಜೇಬಿನಲ್ಲಿ ಉಳಿಯುತ್ತದೆ, ಪೆನ್ನು ನೆಲಕ್ಕೆ ಬೀಳುತ್ತದೆ, ಅದೂ ಮೊನೆ ಬರಿದಾಗಿ. ಈ ಪೆನ್ನಿನಲ್ಲಿ ಮುಚ್ಚಳದ ಕೆಲಸ ಕಾಯುವುದು, ಕ್ಲಿಪ್‌ನ ಕೆಲಸ ಹೊರುವುದು. ಎರಡು ಕೆಲಸಗಳನ್ನೂ ಬೇರೆಬೇರೆಯಾಗಿ ಇಟ್ಟರೆ ನಿಮ್ಮ ಪ್ರಾಜೆಕ್ಟ್‌ನ ಅರ್ಧ ಕಷ್ಟ ಅಲ್ಲಿಗೇ ತೀರುತ್ತದೆ.

ಮುಚ್ಚಳ ಏನನ್ನು ಕಾಯುತ್ತಿದೆ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳೋಣ. ಮಸಿಪೆನ್ನಿನ ಮುಚ್ಚಳಕ್ಕೆ ಶಾಯಿ ಒಣಗದಂತೆ ನೋಡಿಕೊಳ್ಳುವ ಹೊಣೆ ಇರುತ್ತದೆ, ಆದ್ದರಿಂದ ಅದು ಗಾಳಿಯಾಡದಂತೆ ಮುಚ್ಚಬೇಕು. ನಿಮ್ಮ ಪೆನ್ನಿನಲ್ಲಿರುವುದು ಬಾಲ್‌ಪಾಯಿಂಟ್ ರೀಫಿಲ್. ಅದರ ಎಣ್ಣೆಯಂತಹ ಶಾಯಿ ಸುಲಭವಾಗಿ ಒಣಗುವುದಿಲ್ಲ. ಹಾಗಾಗಿ ಗಾಳಿ ತಡೆಯುವ ಹಂಗೇ ನಿಮಗಿಲ್ಲ. ಇದೊಂದು ದೊಡ್ಡ ಸ್ವಾತಂತ್ರ್ಯ, ಅದನ್ನು ಬಳಸಿಕೊಳ್ಳಿ. ನೀವು ಕಾಯಬೇಕಾದುದು ಮೊನೆಯ ಪಕ್ಕದ ಕ್ಯಾಮೆರಾ ಕಿಟಕಿಯನ್ನು ಮತ್ತು ರೀಫಿಲ್‌ನ ಹಿಂದೆ ಕುಳಿತಿರುವ ಒತ್ತಡದ ಸೆನ್ಸರನ್ನು.

ಅನೊಟೊ ಎಂಬ ಕಂಪನಿ ರೂಪಿಸಿದ ಮಾದರಿಯ ಚುಕ್ಕಿ ಕಾಗದದಲ್ಲಿ ಚುಕ್ಕಿಗಳ ನಡುವಿನ ಅಂತರ ಸುಮಾರು 0.3 ಮಿಲಿಮೀಟರ್. ಪ್ರತಿ ಚುಕ್ಕಿಯೂ ತನ್ನ ಜಾಗದಿಂದ ನಾಲ್ಕು ದಿಕ್ಕುಗಳಲ್ಲಿ ಒಂದರ ಕಡೆಗೆ ತುಸು ಸರಿದಿರುತ್ತದೆ, ಆ ಸರಿತದಲ್ಲೇ ಪುಟದ ವಿಳಾಸ ಅಡಗಿರುತ್ತದೆ. ಪೆನ್ನಿನ ತುದಿಯ ಕ್ಯಾಮೆರಾ ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು ಬೀರಿ ಸೆಕೆಂಡಿಗೆ ಹತ್ತಾರು ಚಿತ್ರಗಳನ್ನು ತೆಗೆದು ಈ ಸರಿತವನ್ನು ಓದುತ್ತದೆ. ಇಷ್ಟು ಸೂಕ್ಷ್ಮವಾದ ಓದಿಗೆ ಕಿಟಕಿಯ ಮೇಲಿನ ಬೆರಳಿನ ಜಿಡ್ಡು, ಜೇಬಿನ ನೂಲಿನ ಎಳೆ, ಶಾಯಿಯ ಕಲೆ ಎಲ್ಲವೂ ಅಡ್ಡಿ. ಇಂತಹ ಪೆನ್ನುಗಳ ಶಾಯಿ ಅವಗೆಂಪು ಬೆಳಕನ್ನು ಹೀರದಂತೆ ತಯಾರಾಗಿರುತ್ತದೆ, ಬರೆದ ಗೆರೆ ಚುಕ್ಕಿಗಳನ್ನು ಮರೆಮಾಡಬಾರದಲ್ಲ. ಆದರೂ ಕಿಟಕಿಯ ಮೇಲೆ ಅಂಟಿದ ಶಾಯಿ ಬೆಳಕನ್ನು ಚದುರಿಸಿ ಚಿತ್ರವನ್ನು ಮಂಕಾಗಿಸುತ್ತದೆ. ಈ ಶಾಯಿ ಅಲ್ಲಿಗೆ ತಲುಪುವುದು ಬಹಳ ಸಲ ಮುಚ್ಚಳದ ಮೂಲಕವೇ. ಮುಚ್ಚಳ ಹಾಕುವಾಗ ಮೊನೆ ಒಳಗೋಡೆಗೆ ತಗಲುತ್ತದೆ, ಅಲ್ಲಿ ಶಾಯಿ ಉಳಿಯುತ್ತದೆ, ಮುಂದಿನ ಸಲ ಅದೇ ಗೋಡೆ ಕಿಟಕಿಯನ್ನು ಸವರುತ್ತದೆ. ಆದ್ದರಿಂದ ಕಿಟಕಿಯ ಎದುರಿನ ಒಳಗೋಡೆ ಎಲ್ಲಿಯೂ ತಾಗದಂತೆ ಕನಿಷ್ಠ ಒಂದು ಮಿಲಿಮೀಟರ್ ತೆರಪು ಬಿಡಿ. ಮುಚ್ಚಳ ಯಾವ ದಿಕ್ಕಿನಲ್ಲಿ ತಿರುಗಿ ಕುಳಿತರೂ ಆ ತೆರಪು ಉಳಿಯಬೇಕು.

ಸೆನ್ಸರಿನ ವಿಷಯ ಇದಕ್ಕಿಂತ ಮುಖ್ಯ, ಆದರೂ ಹೆಚ್ಚಿನ ವಿನ್ಯಾಸಗಳಲ್ಲಿ ಕಡೆಗಣಿಸಲ್ಪಡುತ್ತದೆ. ರೀಫಿಲ್‌ನ ಹಿಂಭಾಗ ಒತ್ತಡದ ಸೆನ್ಸರಿಗೆ ತಾಗಿಕೊಂಡಿರುತ್ತದೆ. ನೀವು ಕಾಗದದ ಮೇಲೆ ಒತ್ತಿದಾಗ ಅದು ಬರವಣಿಗೆ ಆರಂಭವಾಯಿತೆಂದು ತಿಳಿಯುತ್ತದೆ. ಮುಚ್ಚಳದ ಒಳತಳ ಮೊನೆಯನ್ನು ಮುಟ್ಟುತ್ತಿದ್ದರೆ ಎರಡು ಅನಾಹುತಗಳು. ಮೊದಲನೆಯದು, ಚೀಲದಲ್ಲಿ ಮುಚ್ಚಳದ ಮೇಲೆ ಏನಾದರೂ ಒತ್ತಿದರೆ ಪೆನ್ನು ಎಚ್ಚರಗೊಂಡು ಕ್ಯಾಮೆರಾ ಚಾಲೂ ಆಗುತ್ತದೆ, ಬ್ಯಾಟರಿ ಖಾಲಿಯಾಗುತ್ತದೆ. ಕಾರಣವಿಲ್ಲದೆ ಚಾರ್ಜ್ ಇಳಿಯುತ್ತಿದೆ ಎಂಬ ದೂರಿಗೆ ಕೆಲವು ಸಲ ಇದೇ ಮೂಲ. ಎರಡನೆಯದು, ಪೆನ್ನು ಕೆಳಗೆ ಬಿದ್ದಾಗ ಇಡೀ ಏಟು ನೇರವಾಗಿ ಸೆನ್ಸರಿಗೆ ಹೋಗುತ್ತದೆ. ಇದಕ್ಕೆ ಪರಿಹಾರ ಒಂದೇ: ಪೆನ್ನಿನ ಮೂತಿಯ ಮೇಲೆ ಗಟ್ಟಿಯಾದ ಮೆಟ್ಟಿಲೊಂದನ್ನು ಗುರುತಿಸಿ, ಮುಚ್ಚಳದ ಅಂಚು ಅದರ ಮೇಲೆ ಕುಳಿತುಕೊಳ್ಳುವಂತೆ ಮಾಡಿ. ಮೊನೆಗೂ ಮುಚ್ಚಳದ ತಳಕ್ಕೂ ನಡುವೆ 1.5ರಿಂದ 2 ಮಿಲಿಮೀಟರ್ ಖಾಲಿ ಜಾಗ ಇರಲಿ. ಆಗ ಬಿದ್ದ ಏಟು ಮುಚ್ಚಳದಿಂದ ಒಡಲಿಗೆ ಹರಿಯುತ್ತದೆ, ಸೆನ್ಸರ್ ಬದುಕುತ್ತದೆ.

ಈಗ ಸಡಿಲವಾಗುವ ಪ್ರಶ್ನೆ. ಮುಚ್ಚಳ ಸವೆದದ್ದರಿಂದ ಸಡಿಲವಾಯಿತು ಎಂದು ನೀವು ಭಾವಿಸಿರಬಹುದು. ಸವೆತ ಕೊನೆಯ ಹಂತ ಮಾತ್ರ. ಮೂಲ ದೋಷ ಹಿಡಿತದ ಉದ್ದದಲ್ಲಿದೆ. ಡಿಜಿಟಲ್ ಪೆನ್ನಿನ ಮೂತಿ ಕ್ಯಾಮೆರಾದ ಕಾರಣ ದಪ್ಪ, ಬೆರಳು ಹಿಡಿಯುವ ಜಾಗ ಅದರ ಹಿಂದೆಯೇ ಆರಂಭವಾಗುತ್ತದೆ. ಮುಚ್ಚಳ ಆ ಜಾಗವನ್ನು ಆಕ್ರಮಿಸಬಾರದೆಂದು ತಯಾರಕರು ಅದನ್ನು ಗಿಡ್ಡವಾಗಿ ಮಾಡುತ್ತಾರೆ. 14 ಮಿಲಿಮೀಟರ್ ವ್ಯಾಸದ ಮೂತಿಯ ಮೇಲೆ ಕೇವಲ 6 ಅಥವಾ 7 ಮಿಲಿಮೀಟರ್ ಉದ್ದದ ಹಿಡಿತವಿದ್ದರೆ ಮುಚ್ಚಳ ಅಡ್ಡಡ್ಡ ಅಲುಗಾಡುತ್ತದೆ. ಅಗಲ ಹೆಚ್ಚಾಗಿ ಆಳ ಕಡಿಮೆಯಿರುವ ಮೇಜಿನ ಖಾನೆ ಒಂದು ಬದಿಯಲ್ಲಿ ಎಳೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದಲ್ಲ, ಇಲ್ಲಿಯೂ ಅದೇ ಲೆಕ್ಕ. ಚೀಲದೊಳಗಿನ ಪ್ರತಿಯೊಂದು ಒತ್ತು ಮುಚ್ಚಳವನ್ನು ಓರೆ ಮಾಡುತ್ತದೆ, ಪ್ರತಿ ಓರೆಯೂ ಹಿಡಿತದ ಉಬ್ಬನ್ನು ಒಂದು ಬದಿಯಲ್ಲಿ ಕೆರೆಯುತ್ತದೆ. ಹಿಡಿತದ ಉದ್ದ ವ್ಯಾಸಕ್ಕೆ ಸಮನಾದರೂ ಇರಲಿ ಎಂಬುದು ನನ್ನ ಸಲಹೆ. ಅಷ್ಟು ಜಾಗ ಸಿಗದಿದ್ದರೆ ಹಿಡಿತವನ್ನು ಎರಡು ಕಡೆ ಹಂಚಿ: ಮುಂದುಗಡೆ ಮೂತಿಯ ಕಿರಿದಾದ ಭಾಗದಲ್ಲಿ ಅಲುಗಾಡದಂತೆ ತಡೆಯುವ ಒಂದು ಪಟ್ಟಿ, ಹಿಂದೆ ಅಂಚಿನ ಬಳಿ ಹಿಡಿಯುವ ಉಬ್ಬು. ನೇರವಾಗಿ ನಿಲ್ಲಿಸುವ ಕೆಲಸ ಒಂದಕ್ಕೆ, ಕಚ್ಚಿ ಹಿಡಿಯುವ ಕೆಲಸ ಇನ್ನೊಂದಕ್ಕೆ.

ಕಚ್ಚಿ ಹಿಡಿಯುವ ವಿಧಾನಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು 1966ರಲ್ಲಿ ಬಂದ ಲ್ಯಾಮಿ 2000 ಮಸಿಪೆನ್ನಿನದು. ಗೆರ್ಡ್ ಮ್ಯುಲರ್ ವಿನ್ಯಾಸ ಮಾಡಿದ ಆ ಪೆನ್ನಿನಲ್ಲಿ ಹಿಡಿತದ ಭಾಗದ ಬಳಿ ಲೋಹದ ಎರಡು ಪುಟ್ಟ ಕಿವಿಗಳು ಹೊರಚಾಚಿರುತ್ತವೆ, ಮುಚ್ಚಳ ಅವುಗಳ ಮೇಲೆ ಕಚ್ಚಿಕೊಳ್ಳುತ್ತದೆ. ಕಚ್ಚುವ ಭಾಗ ಲೋಹದ್ದಾದ್ದರಿಂದ ಪ್ಲಾಸ್ಟಿಕ್ ಉಬ್ಬಿನ ಹಾಗೆ ಬೇಗ ಸವೆಯುವುದಿಲ್ಲ. ಆದರೆ ನಿಮ್ಮ ಪ್ರಾಜೆಕ್ಟ್‌ಗೆ ಅಂತಹ ನಯಗಾರಿಕೆ ಕಷ್ಟ. ತ್ರೀಡಿ ಪ್ರಿಂಟರ್‌ನಲ್ಲಿ ಸಾಧಿಸಬಹುದಾದ ಮಾರ್ಗ ಓ-ರಿಂಗ್. ಮುಚ್ಚಳದ ಒಳಭಾಗದಲ್ಲಿ ಒಂದು ತೋಡು ಮಾಡಿ, ಅದರಲ್ಲಿ ಸಿಲಿಕೋನ್ ಅಥವಾ ನೈಟ್ರೈಲ್ ರಬ್ಬರಿನ ತೆಳು ಓ-ರಿಂಗ್ ಕೂರಿಸಿ. ಮುದ್ರಣದಲ್ಲಿ ಬರುವ 0.2 ಮಿಲಿಮೀಟರಿನಷ್ಟು ಹೆಚ್ಚುಕಡಿಮೆಯನ್ನು ರಬ್ಬರ್ ತಾನೇ ನುಂಗಿಕೊಳ್ಳುತ್ತದೆ. ಸವೆದರೆ ಉಂಗುರವನ್ನಷ್ಟೇ ಬದಲಿಸಿದರೆ ಸಾಕು, ಮುಚ್ಚಳವನ್ನು ಎಸೆಯಬೇಕಿಲ್ಲ. ಉಂಗುರವನ್ನು ಮೂತಿಯ ಮೇಲೆ ಹಾಕಬೇಡಿ. ಬರೆಯುವಾಗ ಬೆರಳಿಗೆ ಚುಚ್ಚುತ್ತದೆ, ಕ್ಯಾಮೆರಾದ ನೋಟಕ್ಕೆ ಅಡ್ಡ ಬರುವ ಅಪಾಯವೂ ಇದೆ.

ಮುಚ್ಚಳ ಎಷ್ಟು ಬಿಗಿಯಾಗಿರಬೇಕು? ಬೀಳುವಾಗ ಅದು ತಾನಾಗಿ ಹಾರಿಹೋಗಬಾರದು. ಮುಚ್ಚಳದ ತೂಕ 3 ಗ್ರಾಂ ಎಂದುಕೊಳ್ಳಿ. ಗಟ್ಟಿ ನೆಲಕ್ಕೆ ಬಿದ್ದಾಗ ಗುರುತ್ವದ 300 ಪಟ್ಟು ಏಟು ಬಿತ್ತೆಂದರೆ ಮುಚ್ಚಳವನ್ನು ಕೀಳುವ ಬಲ ಸುಮಾರು 9 ನ್ಯೂಟನ್. ಆದ್ದರಿಂದ ತೆಗೆಯುವ ಬಲ 8ರಿಂದ 10 ನ್ಯೂಟನ್ ಇದ್ದರೆ ಒಳ್ಳೆಯದು. ಅದಕ್ಕೂ ಹೆಚ್ಚಾದರೆ ಒಂದೇ ಕೈಯಲ್ಲಿ ತೆಗೆಯಲಾಗದು, ಅವಸರದಲ್ಲಿ ಎಳೆದಾಗ ಪೆನ್ನೇ ಕೈಜಾರುತ್ತದೆ. ಅಡುಗೆಮನೆಯ ತಕ್ಕಡಿಯ ಮೇಲೆ ಒಂದು ಭಾರವಿಟ್ಟು, ಅದಕ್ಕೆ ಮುಚ್ಚಳವನ್ನು ಕಟ್ಟಿ, ಪೆನ್ನನ್ನು ಮೇಲಕ್ಕೆ ಎಳೆಯಿರಿ. ಮುಚ್ಚಳ ಬಿಡುವ ಕ್ಷಣದಲ್ಲಿ ತಕ್ಕಡಿಯ ತೂಕ 800ರಿಂದ 1000 ಗ್ರಾಂ ಇಳಿದಿದ್ದರೆ ನೀವು ಸರಿಯಾದ ಜಾಗದಲ್ಲಿದ್ದೀರಿ.

ಮುಚ್ಚಳದ ತುದಿಯಲ್ಲಿ ತೂತು ಬಿಡುವುದನ್ನು ಮರೆಯಬೇಡಿ. ಪೆನ್ನಿನ ಮುಚ್ಚಳ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವನ್ನು ತಗ್ಗಿಸಲೆಂದೇ ಐಎಸ್‌ಒ 11540 ಎಂಬ ಮಾನದಂಡವಿದೆ. ಅದರ ಸಾರ ಹೀಗೆ: ಮುಚ್ಚಳ 16 ಮಿಲಿಮೀಟರ್ ಉಂಗುರದಲ್ಲಿ ತೂರಿಹೋಗದಷ್ಟು ದೊಡ್ಡದಾಗಿರಬೇಕು, ಇಲ್ಲವಾದರೆ ಸಿಕ್ಕಿಕೊಂಡರೂ ಉಸಿರಾಡುವಷ್ಟು ಗಾಳಿ ಹಾಯುವಂತಿರಬೇಕು. ಆ ಗಾಳಿಯ ಪ್ರಮಾಣ 1.33 ಕಿಲೋಪ್ಯಾಸ್ಕಲ್ ಒತ್ತಡದಲ್ಲಿ ನಿಮಿಷಕ್ಕೆ ಕನಿಷ್ಠ 8 ಲೀಟರ್. ಗಾಳಿ ಬಿಗಿಯಾಗಿ ಮುಚ್ಚುವ ಅಗತ್ಯವೇ ನಿಮಗಿಲ್ಲದಿರುವಾಗ ಈ ತೂತು ಬಿಡದಿರಲು ಯಾವ ನೆಪವೂ ಇಲ್ಲ. ತೂತಿನಿಂದ ಇನ್ನೊಂದು ಉಪಕಾರವಿದೆ: ಮುಚ್ಚಳವನ್ನು ರಭಸದಿಂದ ಎಳೆದಾಗ ಒಳಗೆ ಉಂಟಾಗುವ ಹೀರುವಿಕೆ ಇಲ್ಲವಾಗುತ್ತದೆ.

ಆಯಸ್ಕಾಂತದ ವಿಚಾರಕ್ಕೆ ಬರುತ್ತೇನೆ. ಹಿಡಿತಕ್ಕಾಗಿ ಆಯಸ್ಕಾಂತವನ್ನು ನಂಬಬೇಡಿ. ಅದು ಹತ್ತಿರದಲ್ಲಿ ಬಲವಾಗಿ ಎಳೆಯುತ್ತದೆ, ಒಂದು ಮಿಲಿಮೀಟರ್ ಸರಿದರೆ ಬಲ ತಟಕ್ಕನೆ ಕುಸಿಯುತ್ತದೆ. ಅಡ್ಡಡ್ಡ ತಳ್ಳಿದರಂತೂ ಸುಲಭವಾಗಿ ಜಾರುತ್ತದೆ. 2015ರ ಮೊದಲ ಆ್ಯಪಲ್ ಪೆನ್ಸಿಲ್ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಚಾರ್ಜಿಂಗ್ ಮೊನೆಯನ್ನು ಮುಚ್ಚುತ್ತಿದ್ದ ಅದರ ಪುಟ್ಟ ಮುಚ್ಚಳ ಆಯಸ್ಕಾಂತದಿಂದಲೇ ನಿಲ್ಲುತ್ತಿತ್ತು, ಚಾರ್ಜ್‌ಗೆ ಹಾಕಿದಾಗ ಅದನ್ನು ಎಲ್ಲಿಡುವುದೆಂದು ತಿಳಿಯದೆ ಜನ ಕಳೆದುಕೊಳ್ಳುತ್ತಿದ್ದರು. 2018ರ ಮಾದರಿಯಲ್ಲಿ ಮುಚ್ಚಳವೇ ಇಲ್ಲ. 2023ರ ಯುಎಸ್‌ಬಿ-ಸಿ ಮಾದರಿಯಲ್ಲಿ ತುದಿ ಜಾರಿ ತೆರೆದುಕೊಳ್ಳುತ್ತದೆಯೇ ಹೊರತು ಕಳಚಿ ಬರುವುದಿಲ್ಲ. ಬೇರ್ಪಡುವ ಸಣ್ಣ ಭಾಗ ಎಂದಾದರೊಮ್ಮೆ ಕಳೆದುಹೋಗಿಯೇ ತೀರುತ್ತದೆ ಎಂಬುದನ್ನು ವಿನ್ಯಾಸಕಾರರು ಆರಂಭದಲ್ಲೇ ಒಪ್ಪಿಕೊಳ್ಳುವುದು ಲೇಸು.

ಆದರೆ ಆಯಸ್ಕಾಂತಕ್ಕೆ ಬೇರೊಂದು ಒಳ್ಳೆಯ ಕೆಲಸವಿದೆ. ಮುಚ್ಚಳದಲ್ಲಿ ಚಿಕ್ಕ ಆಯಸ್ಕಾಂತ, ಒಡಲಿನಲ್ಲಿ ಆಯಸ್ಕಾಂತದ ಇರವನ್ನು ಅರಿಯುವ ಹಾಲ್ (Hall) ಸೆನ್ಸರ್ ಇದ್ದರೆ, ಮುಚ್ಚಳ ತೆಗೆದೊಡನೆ ಪೆನ್ನು ಎಚ್ಚರವಾಗುತ್ತದೆ, ಹಾಕಿದೊಡನೆ ಮಲಗುತ್ತದೆ. ಒಡಲನ್ನು ಬಿಚ್ಚಿ ಸರ್ಕ್ಯೂಟ್ ಸೇರಿಸುವ ಅವಕಾಶ ನಿಮಗಿದ್ದರೆ ಇದನ್ನು ಖಂಡಿತ ಮಾಡಿ. ಆಯಸ್ಕಾಂತವನ್ನು ಅಂಟಿನಿಂದ ಮಾತ್ರ ಹಿಡಿಸದೆ ಪ್ಲಾಸ್ಟಿಕ್ ಗೋಡೆಯೊಳಗೆ ಪೂರ್ತಿ ಹುದುಗಿಸಿ. ಕಳಚಿದ ನಿಯೋಡಿಮಿಯಂ ಆಯಸ್ಕಾಂತದ ಚೂರುಗಳನ್ನು ಮಗು ನುಂಗಿದರೆ ಅವು ಕರುಳಿನ ಗೋಡೆಗಳನ್ನು ನಡುವೆ ಸಿಕ್ಕಿಸಿ ಪ್ರಾಣಾಪಾಯ ತರಬಲ್ಲವು. ಮುಂದೆ ಇದೇ ವಿನ್ಯಾಸವನ್ನು ಟ್ಯಾಬ್ಲೆಟ್‌ನ ವಿದ್ಯುತ್ಕಾಂತೀಯ ಪೆನ್ನಿಗೆ ಒಗ್ಗಿಸಲು ಹೊರಟರೆ ಮೊನೆಯ ಬಳಿ ಆಯಸ್ಕಾಂತ ಇಡಬೇಡಿ, ಅದರ ಫೆರೈಟ್ ಸುರುಳಿಯ ಕಂಪನಾಂಕ ಕೆಡುತ್ತದೆ.

ಮುಚ್ಚಳವನ್ನು ಸಂಪೂರ್ಣ ಕೈಬಿಡುವ ದಾರಿಯೂ ಇದೆ. 2013ರ ಲೈವ್‌ಸ್ಕ್ರೈಬ್ 3 ಪೆನ್ನಿನ ನಡುವಿನ ಉಂಗುರವನ್ನು ತಿರುಗಿಸಿದರೆ ಮೊನೆ ಹೊರಬರುತ್ತದೆ, ಪೆನ್ನೂ ಚಾಲೂ ಆಗುತ್ತದೆ. ಬಹಳ ಸೊಗಸಾದ ಉತ್ತರ. ಆದರೆ ರೀಫಿಲ್ ಹಿಂದೆ ಮುಂದೆ ಸರಿಯಬೇಕಾದರೆ ಅದರ ಬೆನ್ನಿಗಿರುವ ಒತ್ತಡದ ಅಳತೆಯ ವ್ಯವಸ್ಥೆಯೂ ಅದಕ್ಕೆ ಹೊಂದಿಕೊಳ್ಳಬೇಕು, ಅಂದರೆ ಇಡೀ ಒಡಲಿನ ಮರುವಿನ್ಯಾಸ. ಈಗಿರುವ ಪೆನ್ನಿಗೆ ಹೊಸ ಮುಚ್ಚಳ ಮಾಡುವ ನಿಮ್ಮ ಪ್ರಾಜೆಕ್ಟ್‌ನ ಅಳವಿಗೆ ಅದು ಮೀರಿದ್ದು.

ಇನ್ನು ಕ್ಲಿಪ್. ಇಲ್ಲಿ ತುಸು ಲೆಕ್ಕ ಮಾಡಲೇಬೇಕು. ಪೆನ್ನಿನ ತೂಕ 36 ಗ್ರಾಂ ಎಂದುಕೊಳ್ಳಿ, ಅಂದರೆ ಸುಮಾರು 0.35 ನ್ಯೂಟನ್. ಓಡುವಾಗ ಅಥವಾ ಮೆಟ್ಟಿಲಿಳಿಯುವಾಗ ಇದರ ಮೂರು ಪಟ್ಟು ಎಳೆತ ಬಂತೆಂದರೆ ಸರಿಸುಮಾರು 1 ನ್ಯೂಟನ್. ಬಟ್ಟೆಯ ಎರಡೂ ಬದಿ ಘರ್ಷಣೆ ಇರುತ್ತದೆ, ಘರ್ಷಣಾಂಕವನ್ನು 0.3 ಎಂದು ಹಿಡಿದರೆ ಕ್ಲಿಪ್ ಬಟ್ಟೆಯನ್ನು ಸುಮಾರು 2 ನ್ಯೂಟನ್ ಬಲದಿಂದ ಅದುಮಬೇಕು. ಈ 2 ನ್ಯೂಟನ್ ಅರ್ಧ ಮಿಲಿಮೀಟರಿನ ತೆಳು ಜೇಬಿನಲ್ಲೂ ಸಿಗಬೇಕು, ಎರಡೂವರೆ ಮಿಲಿಮೀಟರ್ ದಪ್ಪದ ಮಡಚಿದ ಅಂಚಿನಲ್ಲೂ ಅದು ವಿಪರೀತ ಏರಬಾರದು.

ಹೆಚ್ಚಿನವರು ಕ್ಲಿಪ್ ಸಡಿಲವೆಂದರೆ ಅದನ್ನು ದಪ್ಪ ಮಾಡುತ್ತಾರೆ. ಅದು ತಪ್ಪು ದಿಕ್ಕು. ಒಂದು ಮಿಲಿಮೀಟರ್ ಎತ್ತಲು 3 ನ್ಯೂಟನ್ ಕೇಳುವ ಬಿರುಸಾದ ಕ್ಲಿಪ್ ಅರ್ಧ ಮಿಲಿಮೀಟರ್ ಬಟ್ಟೆಯ ಮೇಲೆ 1.5 ನ್ಯೂಟನ್ ಮಾತ್ರ ಕೊಡುತ್ತದೆ, ಎರಡೂವರೆ ಮಿಲಿಮೀಟರಿಗೆ 7.5 ನ್ಯೂಟನ್ ಕೊಡುತ್ತದೆ. ಅಂದರೆ ತೆಳುವಿನಲ್ಲಿ ಜಾರುತ್ತದೆ, ದಪ್ಪಕ್ಕೆ ಏರುವುದಿಲ್ಲ. ನೀವು ಬರೆದ ದೂರು ಅಕ್ಷರಶಃ ಇದೇ. ಬದಲಿಗೆ ಮಿಲಿಮೀಟರಿಗೆ 1 ನ್ಯೂಟನ್ ಕೇಳುವ ಮೆದುವಾದ ಕ್ಲಿಪ್ ತೆಗೆದುಕೊಳ್ಳಿ. ಅದು ಬಿಡುವಾಗಿದ್ದಾಗ ಒಡಲಿನ ಗೆರೆಗಿಂತ 1.5 ಮಿಲಿಮೀಟರ್ ಒಳಗೆ ಬಾಗಿರುವಂತೆ ರೂಪಿಸಿ, ಒಡಲಿಗೆ ಕೂರಿಸುವಾಗ ಅಷ್ಟು ಹಿಂದಕ್ಕೆ ಬಾಗಿಸಿ ಕೂರಿಸಿ. ಬಟ್ಟೆ ಇಲ್ಲದಾಗಲೇ ಅದು 1.5 ನ್ಯೂಟನ್ ಬಲದಿಂದ ಒಡಲನ್ನು ಅದುಮುತ್ತಿರುತ್ತದೆ. ಈಗ ತೆಳು ಬಟ್ಟೆಗೆ 2 ನ್ಯೂಟನ್, ದಪ್ಪ ಬಟ್ಟೆಗೆ 4 ನ್ಯೂಟನ್. ಐದು ಪಟ್ಟಿನ ವ್ಯತ್ಯಾಸ ಎರಡು ಪಟ್ಟಿಗೆ ಇಳಿಯಿತು. ಮೊದಲೇ ತುಂಬಿಟ್ಟ ಈ ಬಿಗಿಯೇ ಒಳ್ಳೆಯ ಕ್ಲಿಪ್‌ನ ಜೀವಾಳ.

ಇದನ್ನು ಪ್ಲಾಸ್ಟಿಕ್‌ನಲ್ಲಿ ಮಾಡಲಾಗದೇ? ಉಕ್ಕಿನ ಸ್ಥಿತಿಸ್ಥಾಪಕತ್ವ, ಅಂದರೆ ಬಾಗುವುದನ್ನು ತಡೆಯುವ ಗುಣ, ಸಾಮಾನ್ಯ ಪ್ಲಾಸ್ಟಿಕ್ಕಿನ ಸುಮಾರು 80 ಪಟ್ಟು. ಬಿಗಿತ ದಪ್ಪದ ಘನಕ್ಕೆ ಅನುಗುಣವಾದ್ದರಿಂದ 0.6 ಮಿಲಿಮೀಟರ್ ಉಕ್ಕು ಕೊಡುವ ಬಿಗಿತಕ್ಕೆ ಪ್ಲಾಸ್ಟಿಕ್ 2.6 ಮಿಲಿಮೀಟರ್ ಬೇಕು. ಅಷ್ಟು ದಪ್ಪ ಇಟ್ಟರೂ ಅಸಲು ತೊಂದರೆ ಉಳಿಯುತ್ತದೆ: ಸದಾ ಎಳೆತದಲ್ಲಿರುವ ಪ್ಲಾಸ್ಟಿಕ್ ನಿಧಾನವಾಗಿ ಸೋಲುತ್ತದೆ, ಬಾಗಿದಲ್ಲೇ ಉಳಿದುಬಿಡುತ್ತದೆ. ನಿಮ್ಮ ಕ್ಲಿಪ್ ಬಾಯಿ ಬಿಟ್ಟದ್ದು ಹೀಗೆಯೇ. ಮೊದಲೇ ಬಿಗಿ ತುಂಬಿದ ಕ್ಲಿಪ್ ಹಗಲಿರುಳು ಎಳೆತದಲ್ಲೇ ಇರುವುದರಿಂದ ಅಲ್ಲಿ ಪ್ಲಾಸ್ಟಿಕ್ಕಿಗೆ ಜಾಗವೇ ಇಲ್ಲ. 35 ಮಿಲಿಮೀಟರ್ ಉದ್ದ, 4 ಮಿಲಿಮೀಟರ್ ಅಗಲ, 0.6 ಮಿಲಿಮೀಟರ್ ದಪ್ಪದ ಸ್ಪ್ರಿಂಗ್ ಉಕ್ಕಿನ ಪಟ್ಟಿ ಸರಿಯಾಗಿ ಮಿಲಿಮೀಟರಿಗೆ 1 ನ್ಯೂಟನ್ ಕೊಡುತ್ತದೆ. ಒಟ್ಟು 4 ಮಿಲಿಮೀಟರ್ ಬಾಗಿದಾಗ ಅದರ ಬುಡದಲ್ಲಿ 590 ಮೆಗಾಪ್ಯಾಸ್ಕಲ್ ಒತ್ತಡ ಬರುತ್ತದೆ. ಹದಗೊಳಿಸಿದ ಸ್ಪ್ರಿಂಗ್ ಉಕ್ಕು ಇದನ್ನು ತಡೆದುಕೊಳ್ಳುತ್ತದೆ, ಪಾತ್ರೆ ಮಾಡುವ ಮೆದು ಸ್ಟೇನ್‌ಲೆಸ್ ತಗಡು ಶಾಶ್ವತವಾಗಿ ಬಾಗಿಬಿಡುತ್ತದೆ. ಪಟ್ಟಿಗಿಂತ ತಂತಿ ಬಗ್ಗಿಸುವುದು ವಿದ್ಯಾರ್ಥಿಗೆ ಸುಲಭ. 1980ರಲ್ಲಿ ಬಂದ ಲ್ಯಾಮಿ ಸಫಾರಿ ಪೆನ್ನಿನ ಕ್ಲಿಪ್ ಬಗ್ಗಿಸಿದ ತಂತಿಯದೇ. 1 ಮಿಲಿಮೀಟರ್ ದಪ್ಪದ ಸ್ಪ್ರಿಂಗ್ ತಂತಿಯನ್ನು ಎರಡು ಕಾಲು ಬರುವಂತೆ ಬಗ್ಗಿಸಿದರೆ ಅದೇ ಉದ್ದಕ್ಕೆ ಮಿಲಿಮೀಟರಿಗೆ ಸುಮಾರು 1.4 ನ್ಯೂಟನ್ ಸಿಗುತ್ತದೆ. ತುದಿಯನ್ನು ಹೊರಕ್ಕೆ ಮೇಲೆತ್ತಿ. ಬಟ್ಟೆ ತಾನಾಗಿ ಒಳಸರಿಯಲು ದಾರಿ ಬೇಕು.

ಹಾಗಾದರೆ ಪ್ರಿಂಟರ್‌ನ ಪಾಲೇನು? ತಂತಿಯನ್ನು ಹಿಡಿದು ಒಡಲಿನ ಮೇಲ್ತುದಿಗೆ ಅಪ್ಪಿಕೊಳ್ಳುವ ಪಟ್ಟಿ ಮತ್ತು ಮುಚ್ಚಳ ಇವೆರಡನ್ನು ಮುದ್ರಿಸಿ. ಪಿಎಲ್‌ಎ ಎಂಬ ಸಾಮಾನ್ಯ ಮುದ್ರಣ ಪ್ಲಾಸ್ಟಿಕ್ ಬೇಡ, ಅದು 60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಆ ಬಿಸಿ ಅಪರೂಪವಲ್ಲ. ಪಿಇಟಿಜಿ ಅಥವಾ ನೈಲಾನ್ ಒಳ್ಳೆಯದು. ಬಾಗಬೇಕಾದ ಯಾವುದೇ ಭಾಗವನ್ನು ನಿಲ್ಲಿಸಿ ಮುದ್ರಿಸಬೇಡಿ, ಪದರಗಳ ನಡುವೆ ಸೀಳುತ್ತದೆ. ಮಲಗಿಸಿ, ಪದರಗಳು ಉದ್ದಕ್ಕೂ ಓಡುವಂತೆ ಮುದ್ರಿಸಿ.

ಕ್ಲಿಪ್ಪನ್ನು ಒಡಲಿನ ಸುತ್ತ ಯಾವ ಕೋನದಲ್ಲಿ ಕೂರಿಸಬೇಕೆಂಬುದನ್ನೂ ಯೋಚಿಸಿ. ಕ್ಯಾಮೆರಾ ಮೊನೆಯ ಕೆಳಬದಿಯಿಂದ ಕಾಗದವನ್ನು ನೋಡುವುದರಿಂದ ಪೆನ್ನನ್ನು ತಿರುಗಿಸಿ ಹಿಡಿದರೆ ಅಕ್ಷರಗಳು ತಪ್ಪಬಹುದು. ಕ್ಲಿಪ್ ಕ್ಯಾಮೆರಾದ ನೇರ ಎದುರುಬದಿಗೆ ಇದ್ದರೆ, ಕ್ಲಿಪ್ ಮೇಲಿರುವಂತೆ ಹಿಡಿದರೆ ಸಾಕು ಎಂಬ ಸುಳಿವು ಬರೆಯುವವರಿಗೆ ತಾನಾಗಿ ಸಿಗುತ್ತದೆ. ಮೇಜಿನ ಮೇಲೆ ಪೆನ್ನು ಉರುಳುವುದೂ ನಿಲ್ಲುತ್ತದೆ. ಯುಎಸ್‌ಬಿ ಕಿಂಡಿ, ಮೈಕ್, ಪರದೆ ಇವುಗಳನ್ನು ಮುಚ್ಚದಂತೆ ಪಟ್ಟಿಯನ್ನು ಕತ್ತರಿಸಿಕೊಳ್ಳಿ.

ಲೋಹದ ಕ್ಲಿಪ್ ಎಂದೊಡನೆ ರೇಡಿಯೋ ನೆನಪಾಗಬೇಕು. ಬ್ಲೂಟೂತ್ ಕೆಲಸ ಮಾಡುವ 2.4 ಗಿಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್, ಅದರ ಕಾಲುಭಾಗ 31 ಮಿಲಿಮೀಟರ್. ನಿಮ್ಮ ಕ್ಲಿಪ್‌ನ ಉದ್ದ ಬಹುತೇಕ ಅದೇ! ಆಂಟೆನಾ ಪೆನ್ನಿನ ಮೇಲ್ತುದಿಯಲ್ಲೇ ಇದ್ದರೆ ಕ್ಲಿಪ್ ತಾನೂ ಆಂಟೆನಾದಂತೆ ವರ್ತಿಸಿ ಸಂಪರ್ಕವನ್ನು ದುರ್ಬಲಗೊಳಿಸಬಹುದು. ಆಂಟೆನಾ ಎಲ್ಲಿದೆ ಎಂದು ತಿಳಿಯಲು ಪೆನ್ನನ್ನು ಬಿಚ್ಚಬೇಕಿಲ್ಲ. ಫೋನಿನಲ್ಲಿ ಸಿಗ್ನಲ್ ಬಲ ತೋರಿಸುವ ಆ್ಯಪ್ ತೆರೆದು, ಪೆನ್ನನ್ನು ಒಂದೇ ಜಾಗದಲ್ಲಿಟ್ಟು, ಕ್ಲಿಪ್ಪನ್ನು ಒಡಲಿನ ಉದ್ದಕ್ಕೂ ಸರಿಸುತ್ತಾ ಅಂಕಿಗಳನ್ನು ಗಮನಿಸಿ. ಕುಸಿಯುವ ಜಾಗ ಸಿಕ್ಕಿದರೆ ಕ್ಲಿಪ್ಪನ್ನು ಅಲ್ಲಿಂದ ದೂರ ಇಡಿ, ಇಲ್ಲವೇ ಉದ್ದವನ್ನು ಬದಲಿಸಿ. ಉದ್ದ ಬದಲಿಸಿದರೆ ಮೇಲಿನ ಬಲದ ಲೆಕ್ಕವನ್ನು ಮತ್ತೆ ಮಾಡಬೇಕು. ಬಿಗಿತ ಉದ್ದದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ, ಐದು ಮಿಲಿಮೀಟರ್ ವ್ಯತ್ಯಾಸವೂ ದೊಡ್ಡದೇ.

ನಿಮ್ಮ ಪೆನ್ನು ಧ್ವನಿಯನ್ನೂ ದಾಖಲಿಸುವಂಥದ್ದಾದರೆ ಕೊನೆಯ ಪರೀಕ್ಷೆಯೊಂದಿದೆ. ಲೋಹದ ಕ್ಲಿಪ್ಪನ್ನು ಬೆರಳಿನಿಂದ ಎತ್ತಿ ಬಿಡುವ ಅಭ್ಯಾಸ ಬಹಳ ಜನರಿಗಿದೆ, ಆ ಟಕ್ ಸದ್ದು ಒಡಲಿನ ಮೂಲಕ ನೇರ ಮೈಕಿಗೆ ಹೋಗುತ್ತದೆ. ಕ್ಲಿಪ್‌ನ ತುದಿ ತಾಗುವ ಜಾಗದಲ್ಲಿ ಒಡಲಿನ ಮೇಲೆ ಅರ್ಧ ಮಿಲಿಮೀಟರಿನ ರಬ್ಬರ್ ತುಣುಕು ಅಂಟಿಸಿ, ಒಂದು ಪಾಠವನ್ನು ಪೂರ್ತಿ ದಾಖಲಿಸಿ ಕೇಳಿ. ರಬ್ಬರ್ ಘರ್ಷಣೆಯನ್ನೂ ಹೆಚ್ಚಿಸುವುದರಿಂದ ಮೊದಲೇ ತುಂಬಿದ ಬಿಗಿಯನ್ನು ಬಹುಶಃ ಕಾಲು ಭಾಗ ಇಳಿಸಬಹುದು. ಎಷ್ಟು ಇಳಿಸಬೇಕೆಂಬುದನ್ನು ನಿಮ್ಮದೇ ಜೇಬುಗಳಲ್ಲಿ ಪೆನ್ನು ಸಿಕ್ಕಿಸಿಕೊಂಡು ಓಡಿ, ಬಗ್ಗಿ, ಮೆಟ್ಟಿಲಿಳಿದು ತೀರ್ಮಾನಿಸಿ.